ಸೇರಿಸುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ

ಮಲ್ಲಿಕಾಂಬಳಿಗೆ ಒಬ್ಬ ವಾರಗಿತ್ತಿ ಬೇಕಾಗಿತ್ತು. ಬೀದಿಯ ಉಳಿದ ಹೆಂಗಸರು ಇರುವ ವಾರಗಿತ್ತಿಯಿಂದ ಯಾವಾಗ ಬೇರೆಯಾಗುತ್ತೇವೋ ಎಂದು ಹರಕೆ ಹೊರುತ್ತಿದ್ದರೆ, ಇವಳು ಇಲ್ಲದ ವಾರಗಿತ್ತಿಗಾಗಿ ಹೊರುತ್ತಿದ್ದಳು.

ತರೀಕೆರೆಯ ಆ ಮನೆಯಲ್ಲಿ ಅವಳನ್ನು ಬಿಟ್ಟರೆ ಎಲ್ಲರೂ ಗಂಡಸರು. ಗಂಡ ದೇವೀರಪ್ಪ ಕೊಬ್ಬರಿ ವ್ಯಾಪಾರದವನು. ಮೈದುನ ಶಿವಮೂರ್ತಪ್ಪ ಲಕ್ಕವಳ್ಳಿಯ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಅವನನ್ನು ಮೂರ್ತಿ ಎನ್ನುತ್ತಿದ್ದರು. ತೀರಿಹೋದ ಮಾವನ ತಮ್ಮ ಪಂಚಾಕ್ಷರಪ್ಪನವರು ಮಿಡ್ಲ್‌ಸ್ಕೂಲಿನ ಹೆಡ್ಮಾಸ್ತರಾಗಿ ನಿವೃತ್ತರಾದವರು; ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ, ಅಣ್ಣನ ಮಕ್ಕಳೇ ಅವರ ಮಕ್ಕಳು. ಅತ್ತೆಯೂ ಹೋಗಿಬಿಟ್ಟಿದ್ದರು. ಮಲ್ಲಿಕಾಂಬ ಹೆತ್ತದ್ದೆರಡೂ ಗಂಡು. ಕೊಟ್ಟಿಗೆಯ ಎಮ್ಮೆಯಾದರೂ ತನ್ನ ಪಕ್ಷ ಎಂದುಕೊಂಡಿದ್ದರೆ ಅದು ಆ ವರ್ಷ ಕೋಣಗರು ಹಾಕಿತು.

ಗಂಡಸರು ಕೆಟ್ಟವರೆಂದಲ್ಲ. ಬಯ್ಯುತ್ತಿರಲಿಲ್ಲ, ರೇಗುತ್ತಿರಲಿಲ್ಲ, ಬಡಿಸಿದ್ದನ್ನು ಉಣ್ಣುತ್ತಿದ್ದರು. ಆದರೆ ಅವರ ಮುಂದೆ ಇಟ್ಟ ಮಾತು ಅಲ್ಲೇ ತಣ್ಣಗಾಗುತ್ತಿತ್ತು. “ಎದುರುಮನೆ ತಿಪ್ಪಮ್ಮನ ಸೊಸೆ ಮುನಿಸ್ಕಂಡು ತವರಿಗೆ ಹೋದ್ಲಂತೆ” ಎಂದರೆ ದೇವೀರಪ್ಪ “ಹ್ಞೂಂ” ಎನ್ನುತ್ತಿದ್ದ. ಯಾಕೆ ಹೋದಳು, ಯಾವ ಸೀರೆ ಉಟ್ಟು ಹೋದಳು, ಹೋಗುವಾಗ ಬಾಗಿಲನ್ನು ಎಳೆದುಕೊಂಡಳೋ ಬಡಿದಳೋ, ಒಂದನ್ನೂ ಕೇಳುತ್ತಿರಲಿಲ್ಲ. ಹೇಳದೆ ಉಳಿದ ಮಾತುಗಳು ಅವಳೊಳಗೆ ದೋಸೆಹಿಟ್ಟಿನ ಹಾಗೆ ಉಬ್ಬುತ್ತಿದ್ದವು. ರುಬ್ಬುವಾಗ ಗುಂಡುಕಲ್ಲಿಗೆ ಹೇಳಿಕೊಳ್ಳುತ್ತಿದ್ದಳು. ಒಂದು ದಿನ ಗುಂಡುಕಲ್ಲು “ಹೌದೇನೇ?” ಎಂದ ಹಾಗೆ ಕೇಳಿಸಿ ಅವಳಿಗೇ ಭಯವಾಯಿತು.

ಮೂರ್ತಿಗೆ ಮದುವೆಯಾದರೆ ಎಲ್ಲ ಸರಿಹೋಗುತ್ತಿತ್ತು. ಹೆಣ್ಣು ಕೊಡುವವರಿಗೇನೂ ಬರವಿರಲಿಲ್ಲ. ಆದರೆ ಪಂಚಾಕ್ಷರಪ್ಪನವರ ಪ್ರಶ್ನೆಯನ್ನು ದಾಟಿ ಬರುವ ಹೆಣ್ಣು ಸಿಕ್ಕಿರಲಿಲ್ಲ.

ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಕಾಫಿ ಮುಗಿದ ಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. “ಒಂದು ಸಣ್ಣ ಪ್ರಶ್ನೆ ಮಗೂ. ಕನ್ನಡದಲ್ಲಿ ಎಲ್ಲಕ್ಕೂ ಸೇರಿಸು ಅಂದುಬಿಡ್ತೀವಿ. ಇಂಗ್ಲಿಷಿನೋರು ಹಂಗಲ್ಲ. ಒಂದೊಂದಕ್ಕೆ ಒಂದೊಂದು ಕ್ರಿಯಾಪದ ಇಟ್ಟಿದಾರೆ. ಹೇಳು ನೋಡೋಣ. ಹರಿದ ಬಟ್ಟೆಗೆ?”

“ಸ್ಟಿಚ್ ಸಾರ್.”

“ಹಗ್ಗಕ್ಕೆ ಹಗ್ಗ?”

“ಟೈ.”

“ಕಬ್ಬಿಣಕ್ಕೆ ಕಬ್ಬಿಣ?”

“ವೆಲ್ಡ್.”

ಹೀಗೆ ರೈಲು ಡಬ್ಬಿಗೆ ಡಬ್ಬಿ, ಹೊಳೆಗೆ ಹೊಳೆ, ಸಂಘಕ್ಕೆ ಸಂಘ ಎಂದು ಕೇಳುತ್ತಾ ಹೋಗಿ, ಹುಡುಗಿಯ ಹಣೆಯಲ್ಲಿ ಬೆವರು ಮೂಡುವ ಹೊತ್ತಿಗೆ ಕೊನೆಯದನ್ನು ಬಿಡುತ್ತಿದ್ದರು. “ಮನೆಗೆ ಸೊಸೇನ ಸೇರಿಸೋದಕ್ಕೆ?”

ಕನ್ನಡದಲ್ಲಿ ಒಂದೇ ಮಾತೇ? ಹೊಲಿ, ಬೆಸೆ, ಕಟ್ಟು, ಅಂಟಿಸು, ಪೋಣಿಸು, ಹೆಣೆ, ಕಲಸು, ಬೆರೆಸು ಎಂದು ಮಲ್ಲಿಕಾಂಬ ಪ್ರತಿಸಲವೂ ಮನಸ್ಸಿನಲ್ಲೇ ಎಣಿಸುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಅವಳಿಗೆ ಬೇಕಿದ್ದದ್ದು ವಾದದಲ್ಲಿ ಗೆಲ್ಲುವುದಲ್ಲ, ವಾರಗಿತ್ತಿ.

ಕಡೂರಿನ ಹುಡುಗಿ ಪಿಯುಸಿ ಓದಿದವಳು. ಸಂಘಕ್ಕೆ ಸಂಘ ಸೇರಿಸುವ ‘ಅಮಾಲ್ಗಮೇಟ್’ ಎಂಬ ಗೂಡ್ಸ್ ರೈಲಿನಂಥ ಪದವನ್ನೂ ನಿರಾಯಾಸವಾಗಿ ಬಿಟ್ಟು, ಕೊನೆಯದಕ್ಕೆ ‘ಅಡ್ಮಿಟ್’ ಎಂದಳು. “ಅದು ಆಸ್ಪತ್ರೆಗೆ ಸೇರಿಸೋ ಮಾತು” ಎಂದರು ಮೇಷ್ಟ್ರು. ದೇವನೂರಿನವಳು ‘ಅಡ್ಜಸ್ಟ್’ ಎಂದಳು. “ಅದು ಬಸ್ಸಿನ ಸೀಟಿಗೆ.” ಬುಕ್ಕಾಂಬುಧಿಯ ಹುಡುಗಿ ಏನೂ ಹೇಳದೆ ಅತ್ತುಬಿಟ್ಟಳು. ಮೂರೂ ಕಡೆ ಎದ್ದು ಬರುವಾಗ ಅವರು ಒಂದೇ ಮಾತು ಹೇಳಿದರು: “ಊರಿಗೆ ಹೋಗಿ ಕಾಗದ ಬರೀತೀವಿ.” ಕಾಗದವನ್ನು ಯಾರೂ ಬರೆಯಲಿಲ್ಲ. ಆ ಮಾತಿನ ಅರ್ಥ ಕೇಳಿದವರಿಗೂ ತಿಳಿಯುತ್ತಿತ್ತು.

ಮನೆಗೆ ಹಿರಿಯರು ಅವರು. ತಂದೆಯ ಸ್ಥಾನದಲ್ಲಿ ನಿಂತು ಇಬ್ಬರನ್ನೂ ಸಾಕಿದವರು. ಅವರ ಮಾತಿಗೆ ಎದುರಾಡುವುದು ದೇವೀರಪ್ಪನಿಂದ ಆಗುವ ಕೆಲಸವಲ್ಲ. ಮೂರ್ತಿಯಂತೂ ತನ್ನ ಮದುವೆಯ ವಿಷಯವನ್ನು ಪಕ್ಕದ ಮನೆಯವರ ವಿಷಯದಂತೆ ಕೇಳಿಸಿಕೊಳ್ಳುತ್ತಿದ್ದ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ, ಅವರೆಕಾಯಿಯ ಕಾಲದಲ್ಲಿ, ಅಜ್ಜಂಪುರದಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಪಂಕಜಾಕ್ಷಿ. ಮಧ್ಯಾಹ್ನದ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸಾಗುವುದೆಂದು ನಿಶ್ಚಯವಾಯಿತು. ಹೊರಡುವ ಬೆಳಿಗ್ಗೆ ಮೂರ್ತಿ ಬಾವಿಯ ಹತ್ತಿರ ಬಂದು, ಅತ್ತಿಗೆಯ ಕೈಯಿಂದ ಕೊಡ ಇಸಿದುಕೊಂಡು ನೀರು ಸೇದತೊಡಗಿದ. ಯಾವತ್ತೂ ಮಾಡದ ಕೆಲಸ.

“ಏನಪ್ಪಾ, ಇವತ್ತು ಸೂರ್ಯ ಯಾವ್ ಕಡೆ ಹುಟ್ಟಿದಾನೆ?” ಎಂದಳು ಮಲ್ಲಿಕಾಂಬ.

“ಅತ್ತಿಗೆ, ಈ ಸಲಾನೂ ಚಿಕ್ಕಪ್ಪ ಕಾಗದ ಬರೀತೀವಿ ಅಂದ್ರೆ ನಾನು ಲಕ್ಕವಳ್ಳಿಲೇ ಒಂದು ರೂಮ್ ಮಾಡ್ಕಂಡು ಇದ್ದುಬಿಡ್ತೀನಿ. ಊರಿಗೆ ಬರಲ್ಲ.”

“ಅಂಗಾರೆ ಆಮೇಲೆ ನಾನೊಬ್ಳೇ ಈ ಮನೇಲಿ ಇಬ್ರು ಮುದುಕ್ರ ಜೊತೆ ಇರ್ಬೇಕೇನೋ?”

“ಅಣ್ಣ ಮುದುಕ ಅಲ್ಲ.”

“ಮಾತಾಡ್ದೇ ಇರೋನು ಯಾವ ವಯಸ್ಸಾದ್ರೂ ಮುದುಕಾನೇ ಕಣೋ. ನೀನೂ ಹತ್ರ ಬಂದಿದೀಯ.”

ಮೂರ್ತಿ ನಕ್ಕ. ಅವಳು ನಗಲಿಲ್ಲ. ಕೊಡ ಹೊತ್ತು ಒಳಗೆ ಬರುವಾಗ ಅವಳಿಗೆ ಒಂದು ಸಂಗತಿ ಖಚಿತವಾಗಿತ್ತು: ಈ ಸಲ ಆಗದಿದ್ದರೆ ಇನ್ನು ಆಗುವುದಿಲ್ಲ.

ಅಜ್ಜಂಪುರದ ಮನೆಯಲ್ಲಿ ಪಂಕಜಾಕ್ಷಿಯ ತಂದೆ, ತಾಯಿ ಶಂಕರಮ್ಮ, ಅಜ್ಜಿ ದಾಕ್ಷಾಯಣಮ್ಮ ಕಾದಿದ್ದರು. ಪಡಸಾಲೆಯಲ್ಲಿ ಚಾಪೆ ಹಾಸಿ, ಮೇಷ್ಟ್ರಿಗೆಂದು ಕೈಯಿದ್ದ ಕುರ್ಚಿಯನ್ನು ಪಕ್ಕದ ಮನೆಯಿಂದ ತಂದಿಟ್ಟಿದ್ದರು. ಉಪ್ಪಿಟ್ಟು ಬಂತು. ಹುಡುಗಿ ಬಂದು ಕೂತಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

ಪಂಕಜಾಕ್ಷಿ ಸ್ಟಿಚ್ ಎಂದಳು, ಟೈ ಎಂದಳು. ಕಬ್ಬಿಣದ ಹತ್ತಿರ ತಡವರಿಸಿ “ಬಿಸಿ ಮಾಡೋದು ಸಾರ್” ಎಂದಳು. ಹೊಳೆಗೆ ಹೊಳೆ ಎಂದಾಗ “ಅವೇ ಹೋಗಿ ಸೇರ್ತಾವೆ ಸಾರ್, ಯಾರೂ ಸೇರಿಸಲ್ಲ” ಎಂದಳು. ಮೂರ್ತಿ ಕೆಮ್ಮಿದ. ಮೇಷ್ಟ್ರ ಹುಬ್ಬು ಮೇಲೆ ಹೋಯಿತು. ಕೊನೆಯ ಪ್ರಶ್ನೆ ಬಂತು.

“ಗೊತ್ತಿಲ್ಲ ಸಾರ್,” ಎಂದಳು ಹುಡುಗಿ. “ನೀವೇ ಹೇಳಿಕೊಡಿ.”

ಇದುವರೆಗೆ ಯಾವ ಹುಡುಗಿಯೂ ಪ್ರಶ್ನೆಯನ್ನು ತಿರುಗಿಸಿ ಅವರ ಕೈಗೇ ಕೊಟ್ಟಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. “ಆಯ್ತು ತಾಯಿ, ಒಳಗೆ ಹೋಗು,” ಎಂದರು. ಆಮೇಲೆ ಹುಡುಗಿಯ ತಂದೆಯ ಕಡೆ ತಿರುಗಿ, “ಊರಿಗೆ ಹೋಗಿ ಕಾಗದ ಬರೀತೀವಿ,” ಎಂದರು.

ಶಂಕರಮ್ಮನ ಮುಖ ಬಾಡಿತು. ಹುಡುಗಿಯ ತಂದೆ ಮಾತ್ರ ಮರ್ಯಾದೆ ಬಿಡಲಿಲ್ಲ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದೆ, ಬನ್ನಿ ಅಮೃತಮಹಲ್ ದನಗಳನ್ನಾದರೂ ನೋಡಿಕೊಂಡು ಬರೋಣ ಎಂದು ದೇವೀರಪ್ಪನನ್ನು ಕರೆದುಕೊಂಡು ಹೊರಟರು. ಮೇಷ್ಟ್ರು ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ಮೂರ್ತಿ ಜಗಲಿಯ ಕಂಬಕ್ಕೆ ಒರಗಿ ಬೀದಿ ನೋಡತೊಡಗಿದ.

ಮಲ್ಲಿಕಾಂಬ ಅಡುಗೆಮನೆಗೆ ಹೋದಳು. ಗಂಡಿನ ಕಡೆಯ ಹೆಂಗಸು ಹುಡುಗಿಯ ಜಡೆ ಎಳೆದು, ನಡೆಸಿ, ಕೈಕಾಲು ನೋಡುವುದು ಪದ್ಧತಿ. ಕಾಗದ ಬರೆಯುವ ಮಾತಾದ ಮೇಲೂ ಅದನ್ನು ಬಿಟ್ಟರೆ ಇನ್ನಷ್ಟು ಅವಮಾನವಾದೀತೆಂದು ಅವಳು ಸುಮ್ಮನೆ ಹುಡುಗಿಯ ಜಡೆ ಮುಟ್ಟಿದಳು.

“ಜೋರಾಗೇ ಎಳೀರಿ ಅಕ್ಕ,” ಎಂದಳು ಪಂಕಜಾಕ್ಷಿ. “ಚವರಿ ಅಲ್ಲ. ಚವರಿ ಆಗಿದ್ರೆ ಇಷ್ಟೊಂದು ಸಿಕ್ಕು ಇರ್ತಿರ್ಲಿಲ್ಲ.”

ಮಲ್ಲಿಕಾಂಬಳಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು, ಒಲೆಯ ಪಕ್ಕದಲ್ಲಿ ಕುಕ್ಕರಿಸಿ ನಕ್ಕಳು. ಹುಡುಗಿ ಗಾಬರಿಯಿಂದ ನೀರು ಕೊಟ್ಟಳು. ಕುಡಿಯುತ್ತಿದ್ದ ಹಾಗೆ ಮಲ್ಲಿಕಾಂಬಳ ಕಣ್ಣಿನಲ್ಲಿ ನೀರೂ ಬಂತು. ತಾನು ಹೀಗೆ ನಕ್ಕದ್ದು ಯಾವಾಗ ಎಂದು ಯೋಚಿಸಿದಳು, ನೆನಪಿಗೆ ಬರಲಿಲ್ಲ. ಲೋಟ ಕೆಳಗಿಡುವಷ್ಟರಲ್ಲಿ ಅವಳ ತೀರ್ಮಾನವಾಗಿತ್ತು. ಈ ಹುಡುಗಿಯನ್ನು ಬಿಟ್ಟು ಹೋಗುವುದಿಲ್ಲ.

“ಏನೇ ಹುಡುಗಿ, ನಮ್ಮ್ ಮೂರ್ತಿ ನಿಂಗೆ ಒಪ್ಪಿಗೇನಾ?”

“ನಾನೆಲ್ಲಿ ನೋಡ್ದೆ? ನೆಲ ನೋಡ್ಕಂಡು ಕೂತಿರು ಅಂದಿದ್ರು. ನೆಲ ಒಪ್ಪಿಗೆ.”

“ಹೋಗಿ ನೋಡ್ಕಂಡು ಬಾ.”

ಪಂಕಜಾಕ್ಷಿ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು. ಬಹಳ ಹೊತ್ತು ಇಟ್ಟಳು. ವಾಪಸು ಬಂದು, “ಕಿವಿ ದೊಡ್ಡವು,” ಎಂದಳು. ಸ್ವಲ್ಪ ಯೋಚಿಸಿ, “ಮಾತು ಕೇಳೋ ಥರಾ ಇದಾರೆ. ಆಗ್ಬೋದು,” ಎಂದಳು.

“ಆಗ್ಬೋದು ಅಂದ್ರೆ ಆಯ್ತೇನೇ,” ಎಂದು ಶಂಕರಮ್ಮ ನಿಟ್ಟುಸಿರಿಟ್ಟಳು. “ಅವ್ರು ಕಾಗದ ಅಂದ್ಬಿಟ್ರಲ್ಲ.”

ಮಲ್ಲಿಕಾಂಬ ಮೂಲೆಯಲ್ಲಿ ನೆನೆಹಾಕಿದ್ದ ಅವರೆಕಾಳಿನ ಪಾತ್ರೆಯನ್ನು ನೋಡಿದಳು. “ರಾತ್ರಿಗೆ ಏನು ಅಡುಗೆ ನಿಮ್ಮನೇಲಿ?”

“ಹಿತಕಿದಬೇಳೆ ಸಾರು, ಮುದ್ದೆ. ಯಾಕಮ್ಮಾ? ನಿಮಗೆ ಇಕ್ಕಕ್ಕಾಗಲ್ಲವಲ್ಲ.”

ಇಕ್ಕುವ ಹಾಗಿರಲಿಲ್ಲ ನಿಜ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಬಾಳೆಹಣ್ಣು ತಿನ್ನಬಹುದು, ಕಾಫಿ ಕುಡಿಯಬಹುದು; ಎಲೆ ಹಾಕಿಸಿಕೊಂಡು ಉಣ್ಣುವ ಹಾಗಿಲ್ಲ. ಉಂಡರೆ ಹೆಣ್ಣು ಒಪ್ಪಿದ ಹಾಗೆ. ಆ ಸೀಮೆಯಲ್ಲಿ ಅದಕ್ಕೆ ಸಾಕ್ಷಿ ಬೇಡ, ವೀಳ್ಯವೂ ಬೇಡ. ಮೇಷ್ಟ್ರು ಈ ವಿಷಯದಲ್ಲಿ ಎಷ್ಟು ಬಿಗಿಯೆಂದರೆ ಎರಡನೆಯ ಬಾಳೆಹಣ್ಣನ್ನೂ ಮುಟ್ಟುತ್ತಿರಲಿಲ್ಲ.

“ನಮ್ಮ ಮಾವಂದು ಒಂದು ಗುಣ ಇದೆ,” ಎಂದಳು ಮಲ್ಲಿಕಾಂಬ ದನಿ ತಗ್ಗಿಸಿ. “ಪಾಠ ಮಾಡಕ್ಕೆ ಕೂತ್ರೆ ಕೈ ಏನು ಮಾಡ್ತೈತೆ ಅಂತ ಬಾಯಿಗೆ ಗೊತ್ತಿರಲ್ಲ. ಹಾಗಲಕಾಯಿ ಕಂಡ್ರೆ ಅವ್ರಿಗೆ ಆಗಲ್ಲ. ನಾನು ಹಾಗಲಕಾಯಿ ಮಾಡಿದ ದಿನ ನನ್ ಮಕ್ಕಳು ಊಟದ ಹೊತ್ತಲ್ಲಿ ಇಂಗ್ಲಿಷ್ ಕೇಳ್ತಾವೆ. ತಟ್ಟೆ ಖಾಲಿ ಆಗುತ್ತೆ.”

ಶಂಕರಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡಳು. “ಅಯ್ಯೋ, ಮೋಸ ಆಗಲ್ವೇನಮ್ಮಾ?”

ಅಷ್ಟು ಹೊತ್ತು ಗೋಡೆಗೊರಗಿ ತೂಕಡಿಸುತ್ತಿದ್ದಾರೆಂದು ಎಲ್ಲರೂ ತಿಳಿದಿದ್ದ ದಾಕ್ಷಾಯಣಮ್ಮ ಕಣ್ಣು ಬಿಟ್ಟರು. “ಮನೆಗೆ ಬಂದೋರಿಗೆ ಉಣ್ಣಕ್ಕಿಕ್ಕೋದು ಯಾವ ಸೀಮೆ ಮೋಸನೇ? ಕಾಳು ಇತ್ಲಾಗೆ ತಗಂಡು ಬಾ. ಪಡಸಾಲೇಲೇ ಕೂತು ಹಿತುಕಾಣ.”

ನಾಲ್ಕು ಜನ ಹೆಂಗಸರು ನೆನೆದ ಅವರೆಕಾಳನ್ನು ನಡುವೆ ಇಟ್ಟುಕೊಂಡು ಮೇಷ್ಟ್ರ ಕುರ್ಚಿಯ ಎದುರಿಗೇ ಕೂತರು. ಕಾಳನ್ನು ಬೆರಳಲ್ಲಿ ಹಿತುಕಿದರೆ ಬೇಳೆ ಪುಳಕ್ಕನೆ ಹಾರಿ ತಟ್ಟೆಗೆ ಬೀಳುತ್ತಿತ್ತು. ಒಂದು ಬೇಳೆ ಮೇಷ್ಟ್ರ ಪಾದಕ್ಕೆ ತಾಗಿ ಅವರು ಕಣ್ಣು ತೆರೆದರು.

“ಸಾರ್,” ಎಂದಳು ಪಂಕಜಾಕ್ಷಿ, “ಕಬ್ಬಿಣದ್ದು ಇನ್ನೊಂದ್ಸಲ ಹೇಳಿಕೊಡ್ತೀರಾ?”

ಮೇಷ್ಟ್ರು ಅವಳನ್ನು ಅನುಮಾನದಿಂದ ನೋಡಿದರು. ಮುಖದಲ್ಲಿ ತಮಾಷೆ ಕಾಣಲಿಲ್ಲ. “ವೆಲ್ಡ್,” ಎಂದರು ಚುಟುಕಾಗಿ.

“ತೂತು ಬಿದ್ದ ಬಿಂದಿಗೆಗೂ ಅದೇ ಏನ್ರೀ?” ಎಂದರು ದಾಕ್ಷಾಯಣಮ್ಮ.

“ಅಲ್ಲ ತಾಯಿ. ಅದು ತವರ ಹಾಕಿ ಬೆಸೆಯೋದು. ಅದಕ್ಕೆ ಸಾಲ್ಡರ್ ಅಂತಾರೆ. ವೆಲ್ಡ್ ಮಾಡೋವಾಗ ಎರಡೂ ತಾವೇ ಕರಗಿ ಒಂದಾಗ್ತವೆ. ಸಾಲ್ಡರ್ ಮಾಡೋವಾಗ ಮಧ್ಯೆ ಮೂರನೇದು ಬಂದು ಕೂಡಿಸುತ್ತೆ.” ಹೇಳುತ್ತಾ ಮೇಷ್ಟ್ರು ಕುರ್ಚಿಯ ಅಂಚಿಗೆ ಜರುಗಿದ್ದರು.

“ಹೂವು ಪೋಣಿಸೋದು ಸಾರ್?”

“ಸ್ಟ್ರಿಂಗ್.”

“ಜಡೆ ಹೆಣೆಯೋದು?”

“ಬ್ರೇಡ್.”

“ಹಿಟ್ಟು ಕಲಸೋದು?” ಎಂದಳು ಶಂಕರಮ್ಮ, ತನ್ನ ಧೈರ್ಯಕ್ಕೆ ತಾನೇ ಬೆಚ್ಚಿ.

“ಅದು ನೋಡಿ, ಬಹಳ ಒಳ್ಳೇ ಪ್ರಶ್ನೆ. ಸೀಮೆಸುಣ್ಣ ಇದ್ರೆ ಕೊಡಿ.”

ಸೀಮೆಸುಣ್ಣ ಸಿಗಲಿಲ್ಲ. ರಂಗೋಲಿ ಉಂಡೆ ಕೊಟ್ಟರು. ಮೇಷ್ಟ್ರು ಎದ್ದು, ಬಣ್ಣ ಮಾಸಿದ ಬಾಗಿಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯತೊಡಗಿದರು. ನಿವೃತ್ತರಾದ ಮೇಲೆ ಅವರ ಬೆನ್ನು ಅಷ್ಟು ನೆಟ್ಟಗಾದದ್ದನ್ನು ಮಲ್ಲಿಕಾಂಬ ನೋಡಿರಲಿಲ್ಲ. ಮನೆಯಲ್ಲಿ ಅವರನ್ನು ಯಾರು ಏನು ಕೇಳುತ್ತಿದ್ದರು? ದೇವೀರಪ್ಪನ ‘ಹ್ಞೂಂ’ ಅವರ ಪಾಲಿಗೂ ಅಷ್ಟೇ ಬರುತ್ತಿತ್ತು. ಪೇಪರಿನಲ್ಲಿ ಓದಿದ ಸುದ್ದಿಯನ್ನು ಅವರು ಊಟದ ಹೊತ್ತಿನಲ್ಲಿ ಹೇಳಲು ಶುರುಮಾಡಿ, ಯಾರೂ ಕೇಳದೆ, ಅರ್ಧಕ್ಕೇ ನಿಲ್ಲಿಸಿ ಮಜ್ಜಿಗೆ ಕೇಳುತ್ತಿದ್ದದ್ದು ಅವಳಿಗೆ ಈಗ ನೆನಪಾಯಿತು. ಅವಳಿಗೆ ಗುಂಡುಕಲ್ಲಾದರೂ ಇತ್ತು.

ಈ ಯೋಚನೆ ಅವಳಿಗೆ ಸ್ವಲ್ಪ ಕಷ್ಟವಾಯಿತು. ಮಾಡುತ್ತಿರುವ ಕುತಂತ್ರಕ್ಕೆ ಅಡ್ಡ ಬರುವಷ್ಟು ಅಲ್ಲ.

“ಮಾವಿನ ಗಿಡಕ್ಕೆ ಕಸಿ ಕಟ್ಟೋದು ಮಾವ?”

“ಗ್ರಾಫ್ಟ್!” ಮೇಷ್ಟ್ರು ಬಾಗಿಲಿಗೆ ಒಂದು ಏಟು ಕೊಟ್ಟರು. “ಎಂಥಾ ಪದ ಗೊತ್ತೇನಮ್ಮಾ! ಬೇರೆ ಗಿಡದ ಕೊಂಬೆ, ಇನ್ನೊಂದರ ಬೇರು. ಮೊದಮೊದಲು ಗಾಯ ಇರುತ್ತೆ. ಆಮೇಲೆ ಗಾಯ ಇದ್ದ ಜಾಗಾನೇ ಗಟ್ಟಿ.”

ಹಿತಕಿದಬೇಳೆ ಒಳಗೆ ಹೋಗಿ ಸಾರಾಗುತ್ತಿತ್ತು. ಪಾಳಿಯ ಮೇಲೆ ಒಬ್ಬರು ಅಡುಗೆಮನೆಗೆ ಹೋಗಿ ಬರುತ್ತಿದ್ದರು, ಉಳಿದವರು ಪ್ರಶ್ನೆ ಕೇಳುತ್ತಿದ್ದರು. ಬಾಗಿಲು ತುಂಬಿ ಮೇಷ್ಟ್ರು ಕಿಟಕಿಯ ಹಲಗೆಗೆ ದಾಟಿದ್ದರು. ಹೊರಗೆ ಬೆಳಕು ಇಳಿಯಿತು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಮೇಷ್ಟ್ರ ಕೈ ನಿಂತಿತು. “ಬಸ್ಸಲ್ವೇ ಅದು?”

ಎಲ್ಲರೂ ಜಗಲಿಯ ಕಡೆ ನೋಡಿದರು. ಮೂರ್ತಿಗೆ ಅಲ್ಲಿಂದ ನೇರವಾಗಿ ಬೀದಿಯ ತುದಿ ಕಾಣುತ್ತಿತ್ತು. ಅವನು ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಕಣ್ಣನ್ನು ಸಣ್ಣಗೆ ಮಾಡಿದಳು. ಅವನು ಪಂಕಜಾಕ್ಷಿಯನ್ನು ನೋಡಿದ. ಈ ಸಲ ಅವಳು ನೆಲ ನೋಡುತ್ತಿರಲಿಲ್ಲ.

“ಲಾರಿ ಚಿಕ್ಕಪ್ಪ,” ಎಂದ ಮೂರ್ತಿ.

“ಜಗಳ ಆಡಿದೋರ್ನ ಒಂದು ಮಾಡೋದು ಮೇಷ್ಟ್ರೇ?” ಎಂದರು ದಾಕ್ಷಾಯಣಮ್ಮ ಗಟ್ಟಿಯಾಗಿ.

“ರಿಕನ್ಸೈಲ್,” ಎಂದು ಮೇಷ್ಟ್ರು ಕಿಟಕಿಗೆ ತಿರುಗಿದರು. “ಅದಕ್ಕೊಂದು ಕಥೆ ಇದೆ. ನಾನು ಕಡೂರಲ್ಲಿದ್ದಾಗ ಇಬ್ಬರು ಮಾಸ್ತರಿದ್ರು...” ಬಸ್ಸು ಇನ್ನೊಮ್ಮೆ ಕೂಗಿ ಹೋಯಿತು.

ಕಡೂರಿನ ಇಬ್ಬರು ಮಾಸ್ತರರ ಜಗಳ ನಡುವಿನಲ್ಲಿದ್ದಾಗ ಮಲ್ಲಿಕಾಂಬ ಅವರ ಮುಂದೆ ಮಣೆ ಹಾಕಿದಳು. ಕಥೆ ಹೇಳುತ್ತಲೇ ಅವರು ಕೂತರು. ಶಂಕರಮ್ಮ ತಟ್ಟೆ ಇಟ್ಟಳು. ಪಂಕಜಾಕ್ಷಿ ಮುದ್ದೆ ಇಟ್ಟು, ಪಕ್ಕದಲ್ಲಿ ಹೊಗೆಯಾಡುವ ಸಾರು ಬಿಟ್ಟು, “ಆಮೇಲೇನಾಯ್ತು ಸಾರ್?” ಎಂದಳು. ಮೇಷ್ಟ್ರು ಮುದ್ದೆ ಮುರಿದರು. ಸಾರಿನಲ್ಲಿ ಹೊರಳಿಸಿದರು. ನುಂಗಿದರು. “ಆಮೇಲೆ ಇಬ್ಬರನ್ನೂ ಕರೆದು ಒಂದೇ ಬೆಂಚಿನ ಮೇಲೆ ಕೂರಿಸಿದೆ,” ಎಂದು ಎರಡನೆಯ ತುತ್ತು ಮುರಿದರು.

ದಾಕ್ಷಾಯಣಮ್ಮ ಕೈಮುಗಿದು ಸೂರಿನ ಕಡೆ ನೋಡಿದರು.

ಅಷ್ಟರಲ್ಲಿ ದನ ನೋಡಲು ಹೋದವರು ಬಾಗಿಲಲ್ಲಿ ಕಾಣಿಸಿಕೊಂಡರು. ದೇವೀರಪ್ಪ ಒಂದು ಕಾಲು ಒಳಗಿಟ್ಟವನು ಅಲ್ಲೇ ನಿಂತ. ಬಾಗಿಲ ಮೇಲಿನ ಇಂಗ್ಲಿಷನ್ನು ನೋಡಿದ, ತಟ್ಟೆ ನೋಡಿದ. ಎಂದೂ ‘ಹ್ಞೂಂ’ ದಾಟದಿದ್ದವನ ಬಾಯಿಂದ ದೊಡ್ಡ ಮಾತು ಬಂತು.

“ಚಿಕ್ಕಪ್ಪಾ! ಉಂಡೇಬಿಟ್ರಾ?”

ಮೇಷ್ಟ್ರು ತಮ್ಮ ಕೈಯನ್ನು ನೋಡಿಕೊಂಡರು. ಬೆರಳಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಮುಖ ಮೊದಲು ಕೆಂಪಾಯಿತು, ಆಮೇಲೆ ಬೂದಿಯಾಯಿತು.

“ನಾನು ಉಣ್ಣಲಿಲ್ಲ,” ಎಂದರು. “ಅನ್ನ ಮುಟ್ಟಿಲ್ಲ. ಇದು ಮುದ್ದೆ.”

“ಮುದ್ದೆ ಅನ್ನಕ್ಕಿಂತ ಗಟ್ಟಿ ಮೇಷ್ಟ್ರೇ,” ಎಂದರು ದಾಕ್ಷಾಯಣಮ್ಮ. “ಅನ್ನ ಅಗಿಯೋರು ಮಾತು ತಪ್ಪಬೋದು. ಮುದ್ದೆ ನುಂಗಿದೋರು ತಪ್ಪಕ್ಕಾಗಲ್ಲ. ಒಳಗೆ ಹೋಗಿ ಕೂತುಬಿಟ್ಟಿರ್ತೈತೆ.”

ಯಾರೂ ನಗಲಿಲ್ಲ. ಮೇಷ್ಟ್ರು ಎದ್ದು ಕೈತೊಳೆದುಬಿಟ್ಟರೆ ಎಲ್ಲ ಮುಗಿದಂತೆ. ಅವರು ಒಂದು ಕೈಯನ್ನು ನೆಲಕ್ಕೂರಿದ್ದರು.

“ಇದು ಯಾರ ಕೆಲಸ?” ಶಾಲೆಯಲ್ಲಿ ಗಾಜು ಒಡೆದಾಗ ಕೇಳುತ್ತಿದ್ದ ದನಿ ಅದು.

ಮಲ್ಲಿಕಾಂಬ ಮುಂದೆ ಬಂದಳು. ಮದುವೆಯಾಗಿ ಬಂದಾಗಿನಿಂದ ಅವರ ಎದುರು ಬೇಕು ಎಂಬ ಮಾತನ್ನು ಅವಳು ಉಪ್ಪು, ಎಣ್ಣೆಯ ವಿಷಯದಲ್ಲಿ ಬಿಟ್ಟು ಆಡಿರಲಿಲ್ಲ.

“ನನ್ನ ಕೆಲಸ ಮಾವ. ಇವಳು ನಂಗೆ ಬೇಕು.”

“ನಿನಗೆ? ಮದುವೆ ಮೂರ್ತಿದಲ್ಲವೇ?”

“ಮೂರ್ತಿಗೂ ಬೇಕು. ಅವನು ಬಸ್ಸಿಗೆ ಲಾರಿ ಅಂದನಲ್ಲ, ಇನ್ನೇನು ಹೇಳ್ಬೇಕು? ಆದ್ರೆ ನಾನು ನನ್ನ ಮಾತು ಹೇಳ್ತೀನಿ. ನಿಮ್ಮ ಮನೇಲಿ ನಂಗೆ ಏನೂ ಕಡಿಮೆ ಇಲ್ಲ. ಮಾತಾಡಕ್ಕೆ ಮಾತ್ರ ಯಾರೂ ಇಲ್ಲ. ನಾನು ಗುಂಡುಕಲ್ಲಿನ ಜೊತೆ ಮಾತಾಡ್ತೀನಿ ಮಾವ. ಈಚೀಚೆಗೆ ಅದು ಉತ್ತರ ಕೊಡ್ತಾ ಐತೆ.”

ದೇವೀರಪ್ಪ ತಲೆ ತಗ್ಗಿಸಿದ. ಮೇಷ್ಟ್ರ ದನಿಯಿಂದ ಹೆಡ್ಮಾಸ್ತರಿಕೆ ಇಳಿದುಹೋಗಿತ್ತು.

“ಆ ಕೊನೇ ಪ್ರಶ್ನೆಗೆ ಉತ್ತರ ನನಗೂ ಗೊತ್ತಿಲ್ಲಮ್ಮ. ಎಷ್ಟು ಮನೆ ನೋಡಿದೀನಿ! ಎರಡನೇ ಸೊಸೆ ಬಂದಳು, ಎರಡನೇ ಒಲೆ ಹೂಡಿದರು. ಆಸ್ತಿ ಪಾಲಾಗುತ್ತೆ, ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ. ನಾನು ಯಾರ ಅಪ್ಪಾನೂ ಅಲ್ಲ. ನನ್ನ ಯಾವ ಪಾಲಿಗೆ ಹಾಕ್ತಾರೆ?”

ಮಲ್ಲಿಕಾಂಬಳಿಗೆ ಆಗ ತಿಳಿಯಿತು. ಕಡೂರಿನವಳನ್ನೂ ದೇವನೂರಿನವಳನ್ನೂ ಬುಕ್ಕಾಂಬುಧಿಯ ಅ‌ಳುಬುರುಕಿಯನ್ನೂ ವಾಪಸು ಕಳಿಸಿದ್ದು ಇಂಗ್ಲಿಷಲ್ಲ, ಈ ಹೆದರಿಕೆ. ಅದಕ್ಕೆ ಸಮಾಧಾನ ಹೇಳಬೇಕೆಂದುಕೊಂಡಳು. ಆದರೆ ಸಮಾಧಾನದ ಮಾತು ಅವಳ ಬಾಯಿಗೆ ಬರುವುದೇ ಕಡಿಮೆ.

“ಪಾಲಾದ್ರೆ ನಿಮ್ಮನ್ನ ಇವಳಿಗೇ ಬಿಟ್ಕೊಡ್ತೀನಿ ಮಾವ,” ಎಂದಳು. “ನಂಗೆ ಎಮ್ಮೆ ಸಾಕು.”

“ಅದ್ಯಾಕೆ?” ಎಂದಳು ಪಂಕಜಾಕ್ಷಿ ತಟ್ಟನೆ. “ಎಮ್ಮೆ ನಂಗೆ ಬೇಕು. ಮಾವಾರನ್ನ ನೀವಿಟ್ಕಳಿ, ಅಭ್ಯಾಸ ಐತೆ ನಿಮಗೆ.”

“ನೋಡಿದ್ರಾ ಮಾವ? ಇನ್ನೂ ಮನೆ ಹೊಸ್ತಿಲು ತುಳಿದಿಲ್ಲ, ನಮ್ಮ ಎಮ್ಮೆ ಮೇಲೆ ಕಣ್ಣು!”

“ಹಾಲು ಕೊಡ್ತೈತಾ ಅದು?”

“ಎರಡೂ ಹೊತ್ತು.”

“ಹಂಗಾರೆ ಎಮ್ಮೆ ನಂದೇ. ಸಾರ್ ಇಬ್ರಿಗೂ ಇರ್ಲಿ.”

ಮೊದಲು ನಕ್ಕದ್ದು ಮೂರ್ತಿ. ಆಮೇಲೆ ದಾಕ್ಷಾಯಣಮ್ಮ. ಮೇಷ್ಟ್ರ ಭುಜ ಅಲುಗತೊಡಗಿತು. ಕನ್ನಡಕ ಮೂಗಿನ ತುದಿಗೆ ಜಾರಿತು. ಕೈ ಎಂಜಲಾಗಿದ್ದರಿಂದ ಮೇಲೆ ತಳ್ಳಲಾರದೆ ಹಾಗೇ ನಕ್ಕರು. “ನನ್ನ ಬೆಲೆ ಎಮ್ಮೆಗಿಂತ ಕಡಿಮೆ ಆಯ್ತಲ್ಲಯ್ಯಾ ದೇವೀರಾ,” ಎಂದರು.

“ಹ್ಞೂಂ,” ಎಂದ ದೇವೀರಪ್ಪ.

ಮೇಷ್ಟ್ರು ನೆಲಕ್ಕೂರಿದ್ದ ಕೈಯನ್ನು ತೊಡೆಯ ಮೇಲೆ ತಂದುಕೊಂಡರು. ಆರುತ್ತಿದ್ದ ಮುದ್ದೆಯನ್ನು ಮುರಿದರು. “ಸಾರು ಬಿಡವ್ವ,” ಎಂದರು ಪಂಕಜಾಕ್ಷಿಗೆ. “ನಿಂತ್ಕಂಡು ಏನು ನೋಡ್ತೀಯ? ಉಳಿದೋರಿಗೂ ತಟ್ಟೆ ಹಾಕು. ಒಬ್ಬನೇ ಉಣ್ಣಕ್ಕಾಗುತ್ತಾ?”

ಶಂಕರಮ್ಮ ಕಣ್ಣೊರೆಸಿಕೊಂಡು ಒಳಗೆ ಓಡಿದಳು. ಗಂಡಸರೆಲ್ಲ ಸಾಲಾಗಿ ಕೂತರು. ಮೇಷ್ಟ್ರು ಕಡೂರಿನ ಮಾಸ್ತರರ ಕಥೆಯನ್ನು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಿದರು. ಹುಡುಗಿಯ ತಂದೆ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು.

ಅವರ ಊಟ ಮುಗಿದ ಮೇಲೆ ಮಲ್ಲಿಕಾಂಬ, ಪಂಕಜಾಕ್ಷಿ ಅಡುಗೆಮನೆಯಲ್ಲಿ ಎದುರುಬದುರು ಕೂತರು. ಮಲ್ಲಿಕಾಂಬಳ ಮೈ ಹಗುರಾಗಿತ್ತು. ಇನ್ನು ಮೇಲೆ ಈ ಹುಡುಗಿಗೆ ಒಂದೊಂದನ್ನೂ ಹೇಳಿಕೊಡಬೇಕು, ತಂಗಿಯ ಹಾಗೆ ನೋಡಿಕೊಳ್ಳಬೇಕು, ತನ್ನ ಮಾತಿಗೆ ಅವಳು ಹೌದಕ್ಕಾ ಹೌದಕ್ಕಾ ಎನ್ನುತ್ತಿರುತ್ತಾಳೆ ಎಂದೆಲ್ಲ ಯೋಚಿಸುತ್ತಾ ಮೊದಲ ತುತ್ತು ನುಂಗಿದಳು.

“ಅಕ್ಕ, ಸಾರಿಗೆ ಒಗ್ಗರಣೆ ಹಾಕಿದ್ದು ನೀವಲ್ವಾ?” ಎಂದಳು ಪಂಕಜಾಕ್ಷಿ.

“ಹ್ಞೂಂ. ಯಾಕೆ?”

“ಬೆಳ್ಳುಳ್ಳಿ ಸೀಸಿಬಿಟ್ಟಿದೀರಿ.”

ಮಲ್ಲಿಕಾಂಬ ತುತ್ತು ಕೆಳಗಿಟ್ಟಳು. “ಸೀಸಿಲ್ಲ. ಕೆಂಪಗೆ ಹುರಿದಿದೀನಿ. ನಮ್ಮ ಕಡೆ ಹಂಗೇ.”

“ನಿಮ್ಮ ಕಡೆ ಅಂದ್ರೆ ಎಷ್ಟು ದೂರ? ಬಸ್ಸಲ್ಲಿ ಒಂದು ನಿದ್ದೆ. ಅಷ್ಟರೊಳಗೆ ಬೆಳ್ಳುಳ್ಳಿ ಬಣ್ಣ ಬದಲಾಗುತ್ತಾ?”

“ಏನೇ, ಬಾಯಿ ಬಹಳ ಉದ್ದ ಐತೆ ನಿಂದು?”

“ಕಪ್ಪಗಿದ್ದಿದ್ದನ್ನ ಕೆಂಪು ಅಂದ್ರೆ ಹೇಳ್ಬೇಕಲ್ವಾ? ನೋಡಿ ಬೇಕಾದ್ರೆ.” ಪಂಕಜಾಕ್ಷಿ ತಟ್ಟೆಯಿಂದ ಒಂದು ಎಸಳು ಬೆಳ್ಳುಳ್ಳಿಯನ್ನು ಎತ್ತಿ ದೀಪದ ಹತ್ತಿರ ಹಿಡಿದಳು.

“ನಿಮ್ಮ ಮನೆ ಬುಡ್ಡಿ ದೀಪಕ್ಕೆ ಎಲ್ಲಾ ಕಪ್ಪಗೇ ಕಾಣ್ತದೆ ಕಣೇ. ಮೊದ್ಲು ಚಿಮಣಿ ಒರೆಸೋದು ಕಲಿ!”

“ಚಿಮಣಿ ಬೆಳಿಗ್ಗೆ ತಾನೇ ಒರೆಸಿದೀನಿ. ನಿಮ್ಮ ಕಣ್ಣು ಒರೆಸ್ಕಳಿ ಅಕ್ಕ.”

ಮಲ್ಲಿಕಾಂಬಳಿಗೆ ಎಷ್ಟು ಸಿಟ್ಟು ಬಂತೆಂದರೆ ಅದರ ಸುಖ ತಡೆಯಲಾಗಲಿಲ್ಲ. ಕಾಲು ಮಡಿಸಿ, ಸರಿಯಾಗಿ ಕೂತುಕೊಂಡು, ಬೆಳ್ಳುಳ್ಳಿಯಿಂದ ಶುರುಮಾಡಿ ಅಜ್ಜಂಪುರದ ನೀರಿನವರೆಗೆ ಒಂದೊಂದನ್ನೇ ಎತ್ತಿ ಹೇಳತೊಡಗಿದಳು. ಹುಡುಗಿ ಒಂದಕ್ಕೂ ಬಿಟ್ಟುಕೊಡಲಿಲ್ಲ.

“ಏನದು ಒಳಗೆ ಗಲಾಟೆ?” ಎಂದು ಪಡಸಾಲೆಯಿಂದ ದೇವೀರಪ್ಪ ಕೇಳಿದ.

ಉತ್ತರ ಕೊಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.